ಸೆರಗಿನ ಕೆಂಡ

"ಬ್ಯಾಗಲ್ಲಿ ಪವರ್ ಬ್ಯಾಂಕು, ಬ್ಯಾಟರಿ ಏನಾದ್ರೂ ಇದೆಯಾ ಸರ್?" ಚೆಕ್-ಇನ್ ಕೌಂಟರಿನವರು ದಿನಕ್ಕೆ ನೂರಾರು ಸಲ ಕೇಳುವ ಪ್ರಶ್ನೆ ಇದು. ನಾವು ಅರೆಮನಸ್ಸಿನಲ್ಲಿ ತಲೆಯಾಡಿಸಿ ಬೋರ್ಡಿಂಗ್ ಪಾಸ್ ಈಸಿಕೊಂಡು ಮುಂದೆ ನಡೆಯುತ್ತೇವೆ. ಸಾಲಿನಲ್ಲಿ ಆರ್‌ಸಿ ಕಾರಿನ ಹುಚ್ಚಿನವನೊಬ್ಬ ಇದ್ದರೆ ಮಾತ್ರ ಉತ್ತರ ಅಷ್ಟು ಬೇಗ ಮುಗಿಯುವುದಿಲ್ಲ. ಅವನ ಹತ್ತಿರ ಇರುವ ಒಂದೊಂದು ಬ್ಯಾಟರಿಯೂ ಫೋನಿನದಕ್ಕಿಂತ ಮೂರು ನಾಲ್ಕು ಪಟ್ಟು ದೊಡ್ಡದು. ಅಂಥವು ನಾಲ್ಕೈದು. ಜೊತೆಗೆ ಮೋಟರು, ಸರ್ವೋ, ರಿಸೀವರು, ಕೆಂಪು-ಕಪ್ಪು ವೈರುಗಳ ಗೊಂಚಲು.

ಆರ್‌ಸಿ ಎಂದರೆ ರೇಡಿಯೋ ಕಂಟ್ರೋಲ್. ಜಾತ್ರೆಯಲ್ಲಿ ಕೊಂಡು ಮನೆ ಮುಟ್ಟುವಷ್ಟರಲ್ಲಿ ಚಕ್ರ ಕಳಚುವ ಆಟಿಕೆಗಳನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹವ್ಯಾಸಿಗಳ ಕಾರು ನಿಜದ ಕಾರಿನ ಹತ್ತನೇ ಒಂದರಷ್ಟೋ ಎಂಟನೇ ಒಂದರಷ್ಟೋ ಇರುತ್ತದೆ. ಡಿಫರೆನ್ಷಿಯಲ್ಲು, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರು, ಬಾಲ್ ಬೇರಿಂಗು ಎಲ್ಲವೂ ಉಂಟು. ಮಣ್ಣಿನ ಟ್ರ್ಯಾಕಿನಲ್ಲಿ ಗಂಟೆಗೆ 60 ಕಿ.ಮೀ. ಓಡುತ್ತದೆ, ಆಳೆತ್ತರ ಹಾರಿ ಬಿದ್ದು ಮತ್ತೆ ಓಡುತ್ತದೆ. ರೇಸಿಗೆಂದು ದೇಶದಿಂದ ದೇಶಕ್ಕೆ ಇದನ್ನು ಹೊತ್ತು ತಿರುಗುವವರಿದ್ದಾರೆ. ರಜೆಗೆ ಊರಿಗೆ ಬರುವಾಗ ಅಣ್ಣನ ಮಗನಿಗೆಂದು ಅಮೆರಿಕದಿಂದ ತರುವ ಕನ್ನಡಿಗರೂ ಇದ್ದಾರೆ. ಪೆಟ್ಟಿಗೆ ಕಟ್ಟಲು ಕೂತಾಗ ಇವರೆಲ್ಲ ಕೇಳಿಕೊಳ್ಳಬೇಕಾದ್ದು ಒಂದೇ: ಒಳಗೆ ಎಲ್ಲೆಲ್ಲಿ ಎಷ್ಟು ಶಕ್ತಿ ಅಡಗಿ ಕೂತಿದೆ, ಅದು ಯಾವ ದಾರಿಯಿಂದ ಹೊರಬಿದ್ದೀತು?

ವಿಮಾನದ ನಿಯಮವೇನೋ ಸರಳ. ಕಾರು ಕೆಳಗಿನ ಸರಕು ಕೋಣೆಗೆ ಹೋಗಬಹುದು. ಬಿಡಿ ಲಿಥಿಯಂ ಬ್ಯಾಟರಿ ಮಾತ್ರ ಅಲ್ಲಿಗೆ ಹೋಗಕೂಡದು, ಪ್ರಯಾಣಿಕನ ಕೈಚೀಲದಲ್ಲೇ ಇರಬೇಕು. ಮೊದಲ ಸಲ ಕೇಳಿದವರಿಗೆ ಇದು ತಲೆಕೆಳಗು ಅನ್ನಿಸುತ್ತದೆ. ಬೆಂಕಿ ಹೊತ್ತಬಹುದಾದ ವಸ್ತುವನ್ನು ಜನರಿಂದ ದೂರ ಇಡಬೇಕಲ್ಲವೇ? ಸೆರಗಿನಲ್ಲಿ ಕೆಂಡ ಕಟ್ಟಿಕೊಳ್ಳಬೇಡ ಎಂದು ಹಿರಿಯರು ಹೇಳಿದ್ದಾರೆ. ಇಲ್ಲಿ ನೋಡಿದರೆ ಕಟ್ಟಿಕೊಂಡೇ ಹತ್ತು ಎನ್ನುತ್ತಿದ್ದಾರೆ.

ಈ ನಿಯಮದ ಹಿಂದೆ ಸಾವುಗಳಿವೆ. 1996ರ ಮೇ 11ರಂದು ಅಮೆರಿಕದ ವ್ಯಾಲ್ಯೂಜೆಟ್ 592 ವಿಮಾನ ಫ್ಲಾರಿಡಾದ ಜೌಗಿಗೆ ಬಿದ್ದು ಒಳಗಿದ್ದ 110 ಜನರೂ ಸತ್ತರು. ಆ ಕಾಲದ ಅಂಥ ವಿಮಾನಗಳ ಸರಕು ಕೋಣೆಗೆ ಹೊಗೆ ಪತ್ತೆಯಂತ್ರ ಇರಲಿಲ್ಲ, ಬೆಂಕಿ ನಂದಿಸುವ ಅನಿಲವೂ ಇರಲಿಲ್ಲ. ಕೋಣೆಗೆ ಗಾಳಿ ಆಡುವುದಿಲ್ಲ, ಬೆಂಕಿ ಹೊತ್ತಿದರೂ ಆಮ್ಲಜನಕ ಮುಗಿದು ತಾನೇ ಆರುತ್ತದೆ ಎಂಬ ನಂಬಿಕೆ. ಆ ದಿನ ಅಲ್ಲಿ ತುಂಬಿದ್ದು ಆಮ್ಲಜನಕವನ್ನೇ ಹುಟ್ಟಿಸುವ ರಾಸಾಯನಿಕ ಡಬ್ಬಿಗಳನ್ನು. ಬೆಂಕಿಗೆ ಹೊರಗಿನ ಗಾಳಿ ಬೇಕಾಗಲೇ ಇಲ್ಲ. ಆಮೇಲೆ ಸರಕು ಕೋಣೆಗಳಿಗೆ ಹೊಗೆ ಪತ್ತೆಯಂತ್ರ ಮತ್ತು ಹ್ಯಾಲಾನ್ 1301 ಎಂಬ ಅನಿಲ ಬಂದವು.

ಹ್ಯಾಲಾನ್ ಒಳ್ಳೆಯ ಅನಿಲ. ಜ್ವಾಲೆಯೊಳಗಿನ ರಾಸಾಯನಿಕ ಸರಪಳಿಯನ್ನೇ ಕಡಿದು ಉರಿಯನ್ನು ಅಡಗಿಸುತ್ತದೆ. ಬಟ್ಟೆ, ಕಾಗದ, ರಟ್ಟಿನ ಬೆಂಕಿಗೆ ಅಷ್ಟು ಸಾಕು. ಆದರೆ ಅದು ವಸ್ತುವನ್ನು ತಣಿಸುವುದಿಲ್ಲ. ಲಿಥಿಯಂ ಬ್ಯಾಟರಿಯ ತೊಂದರೆ ಇರುವುದು ಜ್ವಾಲೆಯಲ್ಲಲ್ಲ, ಒಳಗಿನ ಕಾವಿನಲ್ಲಿ. ಹೊರಗಿನ ಉರಿ ಆರಿದರೂ ಒಂದು ಸೆಲ್ಲಿನ ಕಾವು ಪಕ್ಕದ್ದನ್ನು ಕಾಯಿಸುತ್ತದೆ, ಅದು ಅದರ ಪಕ್ಕದ್ದನ್ನು. 2010ರ ಸೆಪ್ಟೆಂಬರ್ 3ರಂದು ದುಬೈನಿಂದ ಜರ್ಮನಿಯ ಕಲೋನ್‌ಗೆ ಹೊರಟ ಯುಪಿಎಸ್ ಸಂಸ್ಥೆಯ ಸರಕು ವಿಮಾನ, ಬೋಯಿಂಗ್ 747, ಇಂಥ ಸರಕನ್ನು ಹೊತ್ತಿತ್ತು: 80 ಸಾವಿರಕ್ಕೂ ಹೆಚ್ಚು ಲಿಥಿಯಂ ಬ್ಯಾಟರಿಗಳು. ಹಾರಿದ 22ನೇ ನಿಮಿಷಕ್ಕೆ ಬೆಂಕಿಯ ಎಚ್ಚರಿಕೆ ಬಂತು. ಹೊಗೆ ಕಾಕ್‌ಪಿಟ್ ತುಂಬಿ ಪೈಲಟ್‌ಗೆ ಎದುರಿನ ಮಾಪಕಗಳೇ ಕಾಣದಾದವು. ಹಿಂದಿರುಗುವ ಯತ್ನದಲ್ಲಿ ವಿಮಾನ ಬಿದ್ದು ಇಬ್ಬರೂ ಪೈಲಟ್‌ಗಳು ಸತ್ತರು. 2016ರ ಏಪ್ರಿಲ್ 1ರಿಂದ ಪ್ರಯಾಣಿಕ ವಿಮಾನಗಳಲ್ಲಿ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಸರಕಾಗಿ ಸಾಗಿಸುವುದನ್ನೇ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ನಿಷೇಧಿಸಿತು. ಸರಕು ವಿಮಾನದಲ್ಲಾದರೂ ಚಾರ್ಜ್ ಶೇ. 30 ಮೀರುವಂತಿಲ್ಲ ಎಂದಿತು. ಈ 30ರ ಗುಟ್ಟಿಗೆ ಆಮೇಲೆ ಬರೋಣ.

ಕೆಳಗಿನ ಕೋಣೆಯಲ್ಲಿ ಒತ್ತಡ ಇರುವುದಿಲ್ಲ, ಅದಕ್ಕೇ ಬ್ಯಾಟರಿ ಒಡೆಯುತ್ತದೆ ಎಂಬ ಮಾತು ಹವ್ಯಾಸಿಗಳ ನಡುವೆ ಬಹಳ ಓಡಾಡುತ್ತದೆ. ತಪ್ಪು. ಸರಕು ಕೋಣೆಗೂ ಪ್ರಯಾಣಿಕರ ಕೋಣೆಗೂ ಒತ್ತಡ ಒಂದೇ. ಕೆಳಗೆ ಇಲ್ಲದಿರುವುದು ಕಣ್ಣು, ಮೂಗು ಮತ್ತು ನೀರು. ಕೈಚೀಲದಲ್ಲಿ ಬ್ಯಾಟರಿ ಕೆಟ್ಟರೆ ಮೊದಲ ನಿಮಿಷದಲ್ಲೇ ಯಾರಾದರೂ ಕೂಗುತ್ತಾರೆ. ಗಗನಸಖಿ ಉರಿಯನ್ನು ಅಗ್ನಿಶಾಮಕದಿಂದ ಆರಿಸಿ, ಮೇಲೆ ನೀರನ್ನೋ ತಂಪು ಪಾನೀಯವನ್ನೋ ಸುರಿಯುತ್ತಾಳೆ. ಅವರಿಗೆ ಕೊಡುವ ತರಬೇತಿಯೇ ಅದು. ಐಸ್ ಮಾತ್ರ ಮುಚ್ಚಬಾರದು. ಅದು ಹೊದಿಕೆಯಂತಾಗಿ ಕಾವನ್ನು ಒಳಗೇ ಹಿಡಿದಿಡುತ್ತದೆ. ಹರಿಯುವ ನೀರು ಕಾವನ್ನು ಎಳೆದುಕೊಂಡು ಆವಿಯಾಗುತ್ತದೆ, ಪಕ್ಕದ ಸೆಲ್ಲು ಬದುಕಿಕೊಳ್ಳುತ್ತದೆ.

ಕೈಚೀಲ ಎಂದರೆ ತಲೆಯ ಮೇಲಿನ ಗೂಡು ಎಂದು ತಿಳಿಯಬೇಡಿ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೆ ವಿಮಾನ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನವೊಂದು ಇನ್ನೂ ನೆಲದ ಮೇಲಿರುವಾಗಲೇ ಮೇಲಿನ ಗೂಡಿನಿಂದ ಬೆಂಕಿ ಹೊರಟಿತು. ಪವರ್ ಬ್ಯಾಂಕಿನ ಮೇಲೆ ಅನುಮಾನ. ಎಲ್ಲರೂ ಇಳಿದು ಪಾರಾದರು, ವಿಮಾನದ ಚಾವಣಿ ಉರಿದುಹೋಯಿತು. ಆ ಬಳಿಕ ಮಾರ್ಚ್ ತಿಂಗಳಿಂದ ಕೊರಿಯಾ ಪವರ್ ಬ್ಯಾಂಕುಗಳನ್ನು ಗೂಡಿನಲ್ಲಿಡುವುದನ್ನೇ ನಿಲ್ಲಿಸಿತು. ಆರ್‌ಸಿ ಬ್ಯಾಟರಿಗಳ ಚೀಲಕ್ಕೂ ಸರಿಯಾದ ಜಾಗ ಎದುರು ಸೀಟಿನ ಕೆಳಗೆ, ಕಾಲ ಬಳಿ. ಇನ್ನೊಂದು ಅಪಾಯ ವಿಮಾನದ ಬಾಗಿಲಲ್ಲಿ ಕಾದಿರುತ್ತದೆ. ಗೂಡುಗಳು ತುಂಬಿವೆ ಎಂದು ಸಿಬ್ಬಂದಿ ನಿಮ್ಮ ಕೈಚೀಲ ಇಸಿದುಕೊಂಡು ಕೆಳಗೆ ಕಳಿಸುತ್ತಾರೆ. ಬ್ಯಾಟರಿಗಳಿದ್ದರೆ ಅಲ್ಲೇ ಬಾಯಿಬಿಟ್ಟು ಹೇಳಿ ಹೊರತೆಗೆದುಕೊಳ್ಳಬೇಕು. ಅವು ಮೊದಲೇ ಬೇರೆ ಪುಟ್ಟ ಚೀಲದಲ್ಲಿದ್ದರೆ ಹಿಂದಿರುವ ಜನರ ಬೈಗುಳ ತಪ್ಪುತ್ತದೆ.

ಈಗ ಬ್ಯಾಟರಿಯನ್ನೇ ಕೈಗೆತ್ತಿಕೊಳ್ಳೋಣ. ಹವ್ಯಾಸಿಗಳು ಲಿಪೋ ಎನ್ನುವುದು ಲಿಥಿಯಂ ಪಾಲಿಮರ್ ಬ್ಯಾಟರಿಗೆ. ಫೋನಿನ ಲಿಥಿಯಂ-ಅಯಾನ್ ಬ್ಯಾಟರಿಯದೇ ರಸಾಯನ, ಅಲ್ಯೂಮಿನಿಯಂ ಹಾಳೆಯ ಮೆತ್ತನೆ ಹೊದಿಕೆ. ಒಂದು ಸೆಲ್ಲಿಗೆ ಸರಾಸರಿ 3.7 ವೋಲ್ಟ್, ಪೂರ್ತಿ ತುಂಬಿದಾಗ 4.2. ಮೂರು ಸೆಲ್ಲುಗಳ ಸರಣಿಗೆ 3ಎಸ್ ಎಂದು ಹೆಸರು. 5000 ಎಂಎಎಚ್‌ನ 3ಎಸ್ ಎಂದರೆ 11.1 ವೋಲ್ಟನ್ನು 5 ಆಂಪಿಯರ್-ಅವರ್‌ನಿಂದ ಗುಣಿಸಿ: 55.5 ವಾಟ್-ಅವರ್. ಜೂಲ್ ಲೆಕ್ಕದಲ್ಲಿ ಸುಮಾರು 2 ಲಕ್ಷ. ಇಷ್ಟು ಶಕ್ತಿಯಿಂದ 70 ಕಿಲೋ ತೂಕದ ಮನುಷ್ಯನನ್ನು ಜೋಗದ ಗುಂಡಿಯಿಂದ 253 ಮೀಟರ್ ಮೇಲಿನ ಬಂಡೆಯ ತುದಿಗೆ ಎತ್ತಿ ಕೂರಿಸಬಹುದು, ಆಮೇಲೂ ಒಂದಿಷ್ಟು ಉಳಿಯುತ್ತದೆ. ಇದು ಬರೀ ವಿದ್ಯುತ್ತಿನ ಲೆಕ್ಕ. ಒಳಗಿನ ದ್ರವ ಹೊತ್ತಿಕೊಂಡರೆ ಬರುವ ಶಾಖ ಇದರ ಹಲವು ಪಟ್ಟು.

ಫೋನಿನಲ್ಲೂ ಇದೇ ಬ್ಯಾಟರಿ ಇದೆಯಲ್ಲ, ಅದಕ್ಕಿಲ್ಲದ ಭಯ ಇದಕ್ಕೇಕೆ? ಫೋನಿನ ಬ್ಯಾಟರಿಯ ತಲೆಯ ಮೇಲೆ ಒಂದು ಕಾವಲು ಸರ್ಕ್ಯೂಟ್ ಕೂತಿರುತ್ತದೆ. ಕರೆಂಟು ಮಿತಿ ಮೀರಿದರೆ ಕತ್ತರಿಸಿಬಿಡುತ್ತದೆ. ಆರ್‌ಸಿ ಲಿಪೋಗೆ ಅಂಥ ಕಾವಲುಗಾರ ಇಲ್ಲ. ಕಾರು ಚಿಮ್ಮುವ ಕ್ಷಣದಲ್ಲಿ ನೂರಾರು ಆಂಪಿಯರ್ ಬೇಕು, ಅಡ್ಡ ಬರುವ ಯಾವುದೂ ಹವ್ಯಾಸಿಗೆ ಬೇಡ. ಅದರ ಒಳರೋಧ ಮಿಲಿಓಮ್‌ಗಳಲ್ಲಿ. ವೈರು ಸೇರಿ ಒಟ್ಟು 10 ಮಿಲಿಓಮ್ ಎಂದಿಟ್ಟುಕೊಂಡರೂ, ಚೀಲದೊಳಗೆ ಬೀಗದ ಕೈಯೊಂದು ಎರಡು ತುದಿ ಮುಟ್ಟಿಸಿದರೆ ಸಾವಿರ ಆಂಪಿಯರ್ ದಾಟುತ್ತದೆ. ಗೇಟು-ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಕರಗಿಸಲು ನೂರಿನ್ನೂರು ಸಾಕು. ಅದಕ್ಕೇ ಒಂದೊಂದು ಬ್ಯಾಟರಿಯ ಕನೆಕ್ಟರಿಗೂ ಟೇಪು ಸುತ್ತಿ ಅಥವಾ ಮುಚ್ಚಳ ಹಾಕಿ, ಬೇರೆ ಬೇರೆ ಕವರಿನಲ್ಲಿಡಬೇಕು. ಬಹಳ ಜನ ದೊಡ್ಡ ಕನೆಕ್ಟರಿಗೆ ಟೇಪು ಹಚ್ಚಿ, ಪಕ್ಕದ ಬಿಳಿ ಬ್ಯಾಲೆನ್ಸ್ ಪ್ಲಗ್ಗನ್ನು ಮರೆಯುತ್ತಾರೆ. ಸಣ್ಣದಾದರೂ ಅದೂ ಅದೇ ಸೆಲ್ಲುಗಳ ಬಾಯಿ. ಇನ್ನು ಬೆಂಕಿ ತಡೆಯುವ ಚೀಲ ಎಂದು ಮಾರುವ ಗಾಜುನಾರಿನ ಲಿಪೋ ಬ್ಯಾಗುಗಳು: ಇದ್ದರೆ ಒಳ್ಳೆಯದೇ, ಜ್ವಾಲೆ ಹರಡುವುದನ್ನು ಸ್ವಲ್ಪ ತಡೆಯುತ್ತವೆ, ಒಳಗಿನ ಕಾವನ್ನಲ್ಲ. ಒಂದೇ ಚೀಲಕ್ಕೆ ನಾಲ್ಕು ಬ್ಯಾಟರಿ ಒತ್ತಿ ತುರುಕಿ ನಿಶ್ಚಿಂತರಾಗುವವರನ್ನು ಕಂಡರೆ ನನಗೆ ಚೀಲದ ಮೇಲೇ ಸಿಟ್ಟು ಬರುತ್ತದೆ.

ಚಾರ್ಜಿನ ಗುಟ್ಟು ಇರುವುದು ಧನಾಗ್ರದಲ್ಲಿ. ಇಂಥ ಸೆಲ್ಲುಗಳಲ್ಲಿ ಸಾಮಾನ್ಯವಾಗಿ ಅಲ್ಲಿರುವುದು ಲಿಥಿಯಂ ಕೋಬಾಲ್ಟ್ ಆಕ್ಸೈಡ್: ಕೋಬಾಲ್ಟ್-ಆಮ್ಲಜನಕದ ಪದರಗಳು, ನಡುನಡುವೆ ಲಿಥಿಯಂ. ಚಾರ್ಜ್ ಮಾಡುವುದೆಂದರೆ ಆ ಲಿಥಿಯಂ ಅಯಾನುಗಳನ್ನು ಎಳೆದು ಆಚೆಯ ಗ್ರಾಫೈಟಿಗೆ ಸೇರಿಸುವುದು. 4.2 ವೋಲ್ಟಿಗೆ ಮುಟ್ಟುವಷ್ಟರಲ್ಲಿ ಸುಮಾರು ಅರ್ಧ ಲಿಥಿಯಂ ಹೊರಟುಹೋಗಿರುತ್ತದೆ. ಉಳಿದ ಪದರಗಳಲ್ಲಿ ಆಮ್ಲಜನಕದ ಹಿಡಿತ ಸಡಿಲ. ಹೇಗೋ ಒಂದು ಸೆಲ್ಲು ಕಾದಿತು ಎನ್ನಿ. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗ್ರಾಫೈಟಿನ ಮೇಲಿನ ರಕ್ಷಣಾ ಪೊರೆ ವಿಘಟಿಸತೊಡಗಿ ತಾನೂ ಶಾಖ ಬಿಡುತ್ತದೆ. 130ರ ಹೊತ್ತಿಗೆ ಎರಡು ಅಗ್ರಗಳ ನಡುವಿನ ಪಾಲಿಥೀನ್ ಪರದೆ ಕರಗುತ್ತದೆ. 200ರ ಸುಮಾರಿಗೆ ಧನಾಗ್ರ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಸುತ್ತ ಇರುವುದು ಹೊತ್ತಿ ಉರಿಯುವ ದ್ರವ. ಅಲ್ಲಿಂದ ಮುಂದೆ ಶಾಖ ಶಾಖವನ್ನು ಹುಟ್ಟಿಸುತ್ತದೆ, ಹೊರಗಿನ ಗಾಳಿಯ ಹಂಗಿಲ್ಲ. ವ್ಯಾಲ್ಯೂಜೆಟ್‌ನ ಡಬ್ಬಿಗಳಿಗೂ ಇದಕ್ಕೂ ರಸಾಯನ ಬೇರೆ, ಸ್ವಭಾವದಲ್ಲಿ ನೆಂಟಸ್ತನವಿದೆ.

ಚಾರ್ಜ್ ಕಡಿಮೆ ಇದ್ದರೆ ಲಿಥಿಯಂ ತನ್ನ ಮನೆಯಲ್ಲೇ ಇರುತ್ತದೆ, ಆಮ್ಲಜನಕ ಗಟ್ಟಿಯಾಗಿ ಹಿಡಿದಿರುತ್ತದೆ, ಒಂದು ಸೆಲ್ಲು ಕೆಟ್ಟರೂ ಪಕ್ಕದ್ದಕ್ಕೆ ದಾಟುವ ಸಂಭವ ಬಹಳ ಕಡಿಮೆ. ಶೇ. 30ರ ನಿಯಮ ಬಂದದ್ದು ಹೀಗೆ. ಕೈಚೀಲದ ಬ್ಯಾಟರಿಗೆ ಈ ನಿಯಮ ಅನ್ವಯಿಸದಿದ್ದರೂ ರಸಾಯನಕ್ಕೆ ಸರಕು ಯಾವುದು, ಕೈಚೀಲ ಯಾವುದು ಗೊತ್ತಿಲ್ಲ. ಚಾರ್ಜರಿನಲ್ಲಿ 'ಸ್ಟೋರೇಜ್' ಎಂಬ ಗುಂಡಿ ಒತ್ತಿ ಸೆಲ್ಲಿಗೆ 3.8 ವೋಲ್ಟಿನ ಹತ್ತಿರ ತಂದಿಟ್ಟುಕೊಂಡೇ ಹೊರಡಬೇಕು. ಹಾಗೆಂದು ಪೂರ್ತಿ ಬರಿದು ಮಾಡಬಾರದು. ತೀರ ಕೆಳಗಿಳಿದ ಸೆಲ್ಲಿನಲ್ಲಿ ತಾಮ್ರದ ಹಾಳೆಯೇ ಕರಗತೊಡಗುತ್ತದೆ, ಮುಂದಿನ ಚಾರ್ಜಿನಲ್ಲಿ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೊಳಗೇ ಶಾರ್ಟ್ ಮಾಡುತ್ತದೆ.

ಮಿತಿಯ ಲೆಕ್ಕ ಬೇಗ ಮುಗಿಯುತ್ತದೆ. ಒಂದೊಂದು ಬ್ಯಾಟರಿಯೂ 100 ವಾಟ್-ಅವರ್ ಒಳಗಿದ್ದರೆ ಯಾರ ಒಪ್ಪಿಗೆಯೂ ಬೇಡ, ಸಂಖ್ಯೆಯ ಮಿತಿಯನ್ನು ಆಯಾ ವಿಮಾನ ಸಂಸ್ಥೆಯಿಂದ ಕೇಳಿಕೊಂಡರೆ ಸಾಕು. 100ರಿಂದ 160ರವರೆಗೆ ಸಂಸ್ಥೆಯ ಅನುಮತಿ ಬೇಕು, ಬಿಡಿ ಬ್ಯಾಟರಿ ಎರಡಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ಅದರಾಚೆ ಪ್ರಯಾಣಿಕನ ಸಾಮಾನಿನಲ್ಲಿ ಜಾಗವೇ ಇಲ್ಲ. 4ಎಸ್ 5000 ಎಂದರೆ 74, ನಿರಾತಂಕ. 6ಎಸ್ 5000 ಎಂದರೆ 111, ಗೆರೆ ದಾಟಿತು. ಬದಲಿಗೆ ಎರಡು 3ಎಸ್ ಒಯ್ದು ಅಲ್ಲಿ ಸರಣಿಯಲ್ಲಿ ಜೋಡಿಸಿಕೊಂಡರೆ ಅದೇ 22.2 ವೋಲ್ಟು, ಕಾನೂನೂ ಮುರಿಯದು. ವಾಟ್-ಅವರ್ ಅಂಕಿ ಬ್ಯಾಟರಿಯ ಮೇಲೆ ಅಚ್ಚಾಗಿರಬೇಕು. ಅಳಿಸಿಹೋಗಿದ್ದರೆ ತಪಾಸಣೆಯವರೊಡನೆ ಗುಣಾಕಾರ ಮಾಡುತ್ತ ನಿಲ್ಲಬೇಕಾಗುತ್ತದೆ, ಆ ವಾದದಲ್ಲಿ ಗೆದ್ದವರು ಕಡಿಮೆ.

ಬ್ಯಾಟರಿ ತೆಗೆದ ಕಾರಿನಲ್ಲಿ ಶಕ್ತಿ ಇಲ್ಲ, ಹೊರಗಿನಿಂದ ಬರುತ್ತದೆ. ಪೆಟ್ಟಿಗೆ ಒಂದು ಮೀಟರ್ ಎತ್ತರದ ಬೆಲ್ಟಿನಿಂದ ಬಿದ್ದು ಒಂದು ಸೆಂಟಿಮೀಟರಿನೊಳಗೆ ನಿಂತರೆ ಒಳಗಿನ ವಸ್ತುವಿಗೆ ಗುರುತ್ವದ ಸರಾಸರಿ ನೂರು ಪಟ್ಟು ಪೆಟ್ಟು. ಒಂದೂವರೆ ಕಿಲೋ ಕಾರು ಆ ಕ್ಷಣಕ್ಕೆ ಒಂದೂವರೆ ಕ್ವಿಂಟಾಲ್ ಆಗುತ್ತದೆ. ಅದೇ ನಿಲುಗಡೆಯನ್ನು ಐದು ಸೆಂಟಿಮೀಟರಿಗೆ ಹಿಗ್ಗಿಸಿದರೆ ಪೆಟ್ಟು ಐದರಲ್ಲೊಂದು ಪಾಲು. ಫೋಮಿನ ಕೆಲಸ ಇಷ್ಟೇ, ದೂರವನ್ನು ಸಾಲ ಕೊಡುವುದು. ಕಾರಿಗೆ ಶಾಕ್ ಅಬ್ಸಾರ್ಬರ್ ಇದೆಯಲ್ಲ ಎಂದರೆ, ಅದು ಚಕ್ರದ ಮೇಲೆ ಬಿದ್ದಾಗ ಮಾತ್ರ. ಬ್ಯಾಗುಗಳು ಚಕ್ರ ಕೆಳಗಾಗಿಯೇ ಬೀಳುತ್ತವೆಂದು ಯಾರೂ ಭರವಸೆ ಕೊಟ್ಟಿಲ್ಲ. ಹಾಗಾಗಿ ಚಕ್ರ ಬಿಚ್ಚಿ, ಅಡಿಯ ಚಾಸಿಯನ್ನು ಸಪಾಟಾಗಿ ಫೋಮಿನ ಮೇಲೆ ಕೂರಿಸಿ, ಚಕ್ರ ಹಿಡಿಯುವ ತೋಳುಗಳು ತೂಗಾಡುವಂತೆ ಬಿಡುವುದು ಉತ್ತಮ. ಪಾಲಿಕಾರ್ಬೊನೇಟಿನ ತೆಳು ಬಾಡಿಯೊಳಗೆ ಬನಿಯನ್ನು, ಕಾಲುಚೀಲ ತುಂಬಿದರೆ ಅದೂ ಉಳಿಯುತ್ತದೆ, ಜಾಗವೂ ಉಳಿಯುತ್ತದೆ.

ತೋಳುಗಳದ್ದು ಬೇರೆಯದೇ ಕಥೆ. ಅವು ನೈಲಾನಿನವು. ನೈಲಾನ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಅದರ ಉದ್ದುದ್ದ ಅಣುಗಳ ನಡುವೆ ನೀರಿನ ಅಣುಗಳು ಸೇರಿ ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತವೆ. ಒಣಗಿದ ನೈಲಾನ್ ಬಾಗುವುದಿಲ್ಲ, ಮುರಿಯುತ್ತದೆ. ತಂಪಾದರೆ ಇನ್ನೂ ಬೇಗ. ಹೊಸ ತೋಳುಗಳನ್ನು ಹವ್ಯಾಸಿಗಳು ನೀರಿನಲ್ಲಿ ಕುದಿಸುವುದು ಇದಕ್ಕೇ. ಅಡುಗೆಮನೆಯಲ್ಲಿ ಅವರಿಗೆ ಸಿಗುವ ಮರ್ಯಾದೆ ಎಷ್ಟೆಂದು ಹೇಳಬೇಕಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯುವುದರಿಂದ ಶಾಕ್‌ನೊಳಗೆ ಸಿಕ್ಕಿಕೊಂಡ ಗಾಳಿ ಮೂರನೇ ಒಂದರಷ್ಟು ಹಿಗ್ಗಲು ನೋಡುತ್ತದೆ. ಓ-ರಿಂಗ್ ಹಳೆಯದಾಗಿದ್ದರೆ ಎಣ್ಣೆ ಜಿನುಗಬಹುದು. ಒಂದು ಪ್ಲಾಸ್ಟಿಕ್ ಕವರು ಸಾಕು.

ತಪಾಸಣೆಯ ಎಕ್ಸ್-ರೇ ಪರದೆಯ ಮೇಲೆ ಲೋಹ ನೀಲಿಯಾಗಿ, ಪ್ಲಾಸ್ಟಿಕ್-ಬಟ್ಟೆ-ಸ್ಫೋಟಕದಂಥ ಸಾವಯವ ವಸ್ತುಗಳು ಕಿತ್ತಳೆಯಾಗಿ ಕಾಣುತ್ತವೆ. ನಿಮ್ಮ ಪೆಟ್ಟಿಗೆ ಆ ಪರದೆಯಲ್ಲಿ ಹೇಗೆ ಕಂಡೀತು ಎಂದು ಒಮ್ಮೆ ಕಲ್ಪಿಸಿಕೊಳ್ಳಿ: ಮೋಟರು, ವೈರು, ರೇಡಿಯೋ ರಿಸೀವರು, ಸುತ್ತ ಕಿತ್ತಳೆಯ ಗುಡ್ಡೆ. 1988ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಲಾಕರ್ಬಿಯ ಮೇಲೆ ಪ್ಯಾನ್ ಆಮ್ ವಿಮಾನವನ್ನು ಸಿಡಿಸಿ 270 ಜನರನ್ನು ಕೊಂದ ಬಾಂಬು ಇದ್ದದ್ದು ಸೂಟ್‌ಕೇಸಿನೊಳಗಿನ ರೇಡಿಯೋ-ಕ್ಯಾಸೆಟ್ ಯಂತ್ರದಲ್ಲಿ. ತಪಾಸಣೆಯವನ ಅನುಮಾನ ಅವಮಾನವಲ್ಲ. ಕಾರನ್ನು ಮೇಲ್ಗಡೆಯೇ, ಒಂದು ಜಿಪ್ ಎಳೆದರೆ ಕಾಣುವಂತೆ ಇಡಿ. ಸ್ಕ್ರೂಡ್ರೈವರು, ಅಲೆನ್ ಕೀ ಎಲ್ಲ ಕೆಳಗೆ ಹೋಗುವ ಬ್ಯಾಗಿಗೆ. ರಿಮೋಟಿನ ಸೆಲ್ಲುಗಳನ್ನು ಬಿಚ್ಚಿಡಿ. ಸ್ಪ್ರೇ ಕ್ಲೀನರ್ ಡಬ್ಬಿಯನ್ನಂತೂ ಮನೆಯಲ್ಲೇ ಬಿಡಿ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲ್ಯಾಪ್‌ಟಾಪ್ ಬ್ಯಾಟರಿಯನ್ನು ಬೇಕೆಂದೇ ಕೆಡಿಸಿದಾಗ ಸೂಟ್‌ಕೇಸಿನಲ್ಲಿ ಪಕ್ಕಕ್ಕಿದ್ದ ಸ್ಪ್ರೇ ಡಬ್ಬಿ 40 ಸೆಕೆಂಡಿನೊಳಗೆ ಸಿಡಿಯಿತು. ಹ್ಯಾಲಾನ್ ಕೆಲಸ ಶುರುಮಾಡಲು ಅಷ್ಟು ಹೊತ್ತು ಸಾಲದು.

ನೈಟ್ರೋ ಇಂಜಿನ್ನಿನ ಕಾರಾದರೆ ಮಾತೇ ಬೇರೆ. ಅದರ ಇಂಧನ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಯ ಮಿಶ್ರಣ. ಮೆಥನಾಲ್ 11-12 ಡಿಗ್ರಿಗೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಅಂದರೆ ಮಡಿಕೇರಿಯ ಚಳಿಯ ಬೆಳಗಿನಲ್ಲೂ. ನೈಟ್ರೋಮೀಥೇನ್ ಸ್ಫೋಟಕಕ್ಕೆ ಬಳಸಬಹುದಾದ ವಸ್ತು. ಯುರೋಪಿನ 2019ರ ಕಾಯ್ದೆಯ ಪ್ರಕಾರ ತೂಕದಲ್ಲಿ ಶೇ. 16ಕ್ಕಿಂತ ಹೆಚ್ಚಿರುವ ಮಿಶ್ರಣ ಜನಸಾಮಾನ್ಯರ ಕೈಗೆ ಪರವಾನಗಿ ಇಲ್ಲದೆ ಸಿಗುವುದಿಲ್ಲ. ಇಂಧನವನ್ನು ಕೈಚೀಲದಲ್ಲೂ ಒಯ್ಯಲಾಗದು, ಕೆಳಗೂ ಇಡಲಾಗದು. ಓಡಿದ ಇಂಜಿನ್ನು, ಟ್ಯಾಂಕು ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ. ವಾಸನೆ ಇದೆಯೆಂದರೆ ಆವಿ ಇದೆ. ಪೂರ್ತಿ ಶುದ್ಧ ಮಾಡಿದ ಇಂಜಿನ್ನಿಗೆ ನಿಯಮದಲ್ಲಿ ದಾರಿ ಇದ್ದರೂ ಕೌಂಟರಿನಲ್ಲಿ ಅದನ್ನು ಒಪ್ಪಿಸುವುದು ಹೆಣಗಾಟ. ಇಂಜಿನ್ನನ್ನು ಮನೆಯಲ್ಲಿ ಬಿಟ್ಟು ಅಲ್ಲಿ ಯಾರದನ್ನಾದರೂ ಎರವಲು ಕೇಳುವುದೇ ಮೇಲು.

ಭಾರತಕ್ಕೆ ಬರುವವರು ಇನ್ನೊಂದು ತಿಳಿದಿರಬೇಕು. ನೆಲದ ಮೇಲೆ ಓಡುವ ಕಾರಿಗೆ ಸುಂಕದ ಮಾತು ಬಿಟ್ಟರೆ ತಕರಾರಿಲ್ಲ. ಮೇಲೆ ಹಾರುವ ಡ್ರೋನ್ ಮಾತ್ರ ಬೇರೆ. 2022ರ ಫೆಬ್ರವರಿ 9ರ ಆದೇಶದಂತೆ ಸಿದ್ಧ ಡ್ರೋನಿನ ಆಮದೇ ನಿಷಿದ್ಧ. ಸಂಶೋಧನೆ, ರಕ್ಷಣೆ, ಭದ್ರತೆಗಷ್ಟೇ ವಿನಾಯಿತಿ. ಬಿಚ್ಚಿ ಬಿಡಿಭಾಗಗಳ ಪೆಟ್ಟಿಗೆಯಾಗಿ ತಂದರೂ, ಜೋಡಿಸಿದರೆ ಡ್ರೋನಾಗುವುದಾದರೆ ಅದೂ ನಿಷೇಧದೊಳಗೇ ಬರುತ್ತದೆ. ಅಣ್ಣನ ಮಗ ಕಾರಿಗೇ ತೃಪ್ತನಾಗಬೇಕು.

ಹೋಗುವಾಗ ಇಷ್ಟೆಲ್ಲ ಎಚ್ಚರ ವಹಿಸಿದವರು ಬರುವಾಗ ಸೋಲುತ್ತಾರೆ. ರೇಸು ಮುಗಿದ ಸಂಜೆ ಒಂದು ಬ್ಯಾಟರಿ ಪೂರ್ತಿ ತುಂಬಿದ್ದು ಬಳಕೆಯಾಗದೆ ಉಳಿದಿರುತ್ತದೆ, ಇನ್ನೊಂದು ಕಾರು ಪಲ್ಟಿಯಾದಾಗ ಜಜ್ಜಿರುತ್ತದೆ, ಮತ್ತೊಂದು ಹಪ್ಪಳದಂತೆ ಉಬ್ಬಿರುತ್ತದೆ. ಉಬ್ಬಿದ್ದರೆ ಒಳಗೆ ದ್ರವ ಕೊಳೆತು ಅನಿಲವಾಗಿದೆ ಎಂದರ್ಥ. ಜಜ್ಜಿದ, ಉಬ್ಬಿದ ಬ್ಯಾಟರಿಗೆ ವಿಮಾನದಲ್ಲಿ ಎಲ್ಲೂ ಜಾಗವಿಲ್ಲ, ಕೈಚೀಲದಲ್ಲೂ ಇಲ್ಲ. ವಿಮಾನ ಏರುವ ಕೊರಿಯರಿಗೂ ಕೊಡುವಂತಿಲ್ಲ. ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ ಸಾಯುತ್ತದೆ ಎಂಬ ಹಳೆಯ ಸಲಹೆಯನ್ನೂ ನೆಚ್ಚಬೇಡಿ. ಬ್ಯಾಟರಿ ಬರಿದಾಗುವ ಮೊದಲೇ ಅದರ ತುದಿಗಳು ತುಕ್ಕು ಹಿಡಿದು ಸಂಪರ್ಕ ಕಡಿದುಹೋಗಬಹುದು, ಹೊರಗಿನಿಂದ ಸತ್ತಂತೆ ಕಂಡರೂ ಒಳಗೆ ಚಾರ್ಜು ಹಾಗೇ ಇರುತ್ತದೆ. ಬಯಲಿನಲ್ಲಿ ಕಲ್ಲಿನ ಮೇಲಿಟ್ಟು, 3ಎಸ್ ಆದರೆ 12 ವೋಲ್ಟಿನ ಕಾರಿನ ಬಲ್ಬೊಂದನ್ನು ಜೋಡಿಸಿ, ಅದು ಆರಿದ ಮೇಲೂ ಬಿಟ್ಟು ಸೊನ್ನೆಗೆ ಇಳಿಸಿ, ಆ ಊರಿನ ಇ-ತ್ಯಾಜ್ಯ ಕೇಂದ್ರಕ್ಕೋ ಬ್ಯಾಟರಿ ಹಿಂದೆ ಪಡೆಯುವ ಆರ್‌ಸಿ ಅಂಗಡಿಗೋ ಒಪ್ಪಿಸಿ ಬರಬೇಕು. ಹೋಟೆಲಿನ ಕಸದ ಬುಟ್ಟಿಗೆ ಹಾಕಿ ಬಂದರೆ ಆ ಬೆಂಕಿ ಕಸದ ಲಾರಿಯಲ್ಲಿ ಹೊತ್ತುತ್ತದೆ.